ತೆಗ್ಗಿನ ತಳ ನೀರು ಹಿಡಿದೀತೆ?

ಮಣ್ಣು ಪರೀಕ್ಷಿಸುವ ಕೋನು ನೆಲದೊಳಗೆ ಸೆಕೆಂಡಿಗೆ ಎರಡು ಸೆಂಟಿಮೀಟರಿನಂತೆ ಇಳಿಯಬೇಕು. ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ಬೇಕಾದ ಆಳ ಮುಟ್ಟಿದ ಮೇಲೆ ಒತ್ತುವುದನ್ನು ನಿಲ್ಲಿಸಿ, ಏನನ್ನೂ ಮುಟ್ಟದೆ, ಅರ್ಧ ಗಂಟೆಯೋ ಒಂದು ಗಂಟೆಯೋ ಸುಮ್ಮನೆ ಕೂರಬೇಕು. ಬಸ್ಸಿಗೆ ಐದು ನಿಮಿಷ ಕಾಯಲಾರದೆ ಆಟೋ ಹತ್ತಿಬಿಡುವ ನನ್ನಂಥವಳಿಗೆ ಈ ಕೆಲಸ ಹೇಗೆ ಗಂಟುಬಿತ್ತೋ ಎಂದು ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಯಲ್ಲಿ ಇವತ್ತಿಗೂ ನಗುತ್ತಾರೆ. ನಗಲಿ. ಆದರೆ ಒಂದು ಬೇಸಿಗೆಯಲ್ಲಿ ನನ್ನ ಈ ಅವಸರ ಒಂದು ಇಡೀ ಊರಿನ ನೀರಿಗೆ ಕುತ್ತು ತರುವುದರಲ್ಲಿತ್ತು. ಅದನ್ನು ನೆನೆದರೆ ನನಗೆ ಮಾತ್ರ ನಗು ಬರುವುದಿಲ್ಲ.

ಖಾನಾಪುರದಿಂದ ಹಲಸಿಯ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಸಣ್ಣ ಊರಿನ ಅಂಚಿಗೆ, ಹಂಚಿನ ಕಾರ್ಖಾನೆಯವರು ಮಣ್ಣು ತೆಗೆದು ಬಿಟ್ಟುಹೋದ ದೊಡ್ಡ ತೆಗ್ಗು ಇದೆ. ಇಳಿದು ನಿಂತರೆ ದಂಡೆಯ ಮೇಲಿನವರು ಗೊಂಬೆಗಳಷ್ಟು ಕಾಣುತ್ತಾರೆ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಭಟ್ಟಿಯ ಚಿಮಣಿಯೊಂದು ಉಳಿದಿದೆ. ಮಳೆಗಾಲದಲ್ಲಿ ತೆಗ್ಗು ತುಂಬುತ್ತದೆ, ಸಂಕ್ರಾಂತಿ ಹೊತ್ತಿಗೆ ಖಾಲಿಯಾಗುತ್ತದೆ. ಮಣ್ಣು ಅಗೆಯಲು ನೀರು ತೊಂದರೆ ಕೊಡಬಾರದೆಂದು ಕಾರ್ಖಾನೆಯವರು ದಂಡೆ ಕಡಿದು ಹಳ್ಳಕ್ಕೆ ಒಂದು ಕಾಲುವೆ ತೋಡಿದ್ದರು. ನೀರೆಲ್ಲ ಅಲ್ಲಿಂದಲೇ ಹೋಗುತ್ತದೆ ಎಂದು ಊರವರ ನಂಬಿಕೆ. ಇತ್ತ ಮಾರ್ಚ್ ಮುಗಿಯುವಷ್ಟರಲ್ಲಿ ಊರಿನ ಬಾವಿಗಳು ಬತ್ತುತ್ತವೆ, ಆಮೇಲೆ ಟ್ಯಾಂಕರಿನ ದಾರಿ ಕಾಯುವುದು.

ಕಾಲುವೆ ಮುಚ್ಚಿ, ತೆಗ್ಗಿನಲ್ಲಿ ನೀರು ನಿಲ್ಲಿಸಿ, ಶುದ್ಧ ಮಾಡಿ ಊರಿಗೆ ಕೊಡಬಹುದಲ್ಲ ಎಂದು ಮೊದಲು ಹೇಳಿದವರು ಪಂಚಾಯಿತಿಯ ಅಧ್ಯಕ್ಷೆ. ಕಚೇರಿಯಿಂದ ಕಚೇರಿಗೆ ಓಡಾಡಿ ಯೋಜನೆಯನ್ನು ಒಪ್ಪಿಸಿದ್ದೂ ಅವರೇ. ಇಲಾಖೆ ಒಂದು ಶರತ್ತು ಹಾಕಿತ್ತು. ತೆಗ್ಗಿನ ತಳದ ಜೇಡಿ ನೀರು ಹಿಡಿಯುತ್ತದೆ ಎಂದು ಪರೀಕ್ಷೆ ಮಾಡಿ ತೋರಿಸಬೇಕು, ಅದೂ ಮಳೆಗಾಲ ಹಿಡಿಯುವ ಮುಂಚೆ. ಸೋರುತ್ತದೆ ಎಂದಾದರೆ ತಳಕ್ಕೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಬೇಕಾಗುತ್ತದೆ, ಅಷ್ಟು ಖರ್ಚಿಗೆ ಅವಕಾಶವಿಲ್ಲ, ಯೋಜನೆ ಬೇರೆ ಊರಿಗೆ ಹೋಗುತ್ತದೆ. ಆ ಪರೀಕ್ಷೆಯ ಕೆಲಸ ಬೆಳಗಾವಿಯ ನಮ್ಮ ಕಚೇರಿಗೆ ಬಂತು.

ಮೊದಲ ದಿನವೇ ಅಧ್ಯಕ್ಷೆ ತೆಗ್ಗಿನ ದಂಡೆಯಲ್ಲಿ ನಿಂತು ಹೇಳಿದರು, “ಮೇಡಮ್ಮಾರ, ನೀವು ಕಾಗದದಾಗ ಏನ ಬರೀತೀರೋ ನಮಗ ತಿಳಿಯಂಗಿಲ್ರಿ. ನೀರು ನಿಲ್ಲತೈತೋ ಇಲ್ಲೋ, ಅಷ್ಟ ಹೇಳ್ರಿ ಸಾಕು.”

ಅಷ್ಟು ಹೇಳುವುದಕ್ಕೆ ಇರುವ ದಾರಿಗಳಲ್ಲಿ ಒಂದು ಈ ಕೋನು. ಮುಂಗೈ ದಪ್ಪದ ಉಕ್ಕಿನ ಸಲಾಕೆ, ತುದಿ ಚೂಪು. ಚೂಪಿನ ಹಿಂದೆಯೇ ಸಣ್ಣ ರಂಧ್ರಗಳುಳ್ಳ ಒಂದು ಉಂಗುರ, ಅದರ ಒಳಗಡೆ ನೀರಿನ ಒತ್ತಡ ಅಳೆಯುವ ಸೂಕ್ಷ್ಮ ಸಾಧನ. ಕೋನು ಜೇಡಿಯೊಳಗೆ ನುಗ್ಗಿದಾಗ ಸುತ್ತಲಿನ ಮಣ್ಣು ಹಿಂಡಿದಂತಾಗಿ ಅದರೊಳಗಿನ ನೀರಿನ ಒತ್ತಡ ಏರುತ್ತದೆ. ನಿಲ್ಲಿಸಿದ ಕೂಡಲೇ ಆ ಒತ್ತಡ ಇಳಿಯತೊಡಗುತ್ತದೆ, ಒಲೆ ಆರಿಸಿದ ಮೇಲೆ ಕುಕ್ಕರ್ ತಣಿಯುವಂತೆ. ಏರಿದ್ದರಲ್ಲಿ ಅರ್ಧ ಇಳಿಯಲು ಎಷ್ಟು ಹೊತ್ತು ಬೇಕಾಯಿತು ಎಂಬುದೇ ಮುಖ್ಯ. ಮರಳಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯುತ್ತದೆ. ಒಳ್ಳೆಯ ಜೇಡಿಯಾದರೆ ಇಪ್ಪತ್ತು ನಿಮಿಷ, ನಲವತ್ತು ನಿಮಿಷ. ಆ ಹೊತ್ತಿನಿಂದ ಮಣ್ಣಿನಲ್ಲಿ ನೀರು ಎಷ್ಟು ವೇಗವಾಗಿ ಸಾಗೀತು ಎಂದು ಅಂದಾಜು ಮಾಡಬಹುದು. ಮಣ್ಣಿನ ತುಂಡು ಕಿತ್ತು ಬೆಳಗಾವಿಯ ಪ್ರಯೋಗಾಲಯಕ್ಕೆ ಒಯ್ದರೆ ಆ ಒಂದು ತುಂಡಿನ ಕಥೆ ಮಾತ್ರ ಸಿಗುತ್ತದೆ, ಅದಕ್ಕೂ ವಾರಗಟ್ಟಲೆ ಬೇಕು. ಕೋನಾದರೆ ನಿಂತ ಜಾಗದಲ್ಲೇ ಉತ್ತರ ಕೊಡುತ್ತದೆ. ಕೇಳುವವರಿಗೆ ಕೇಳಲು ಬರುತ್ತಿರಬೇಕು, ಅಷ್ಟೇ.

ನನ್ನ ಜೊತೆ ಕೋನು ಒತ್ತುವ ಯಂತ್ರ ನಡೆಸುವವರು ಬೆಳಗಾವಿಯ ಶಹಾಪುರದವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಅವರದು ನೇಕಾರರ ಮನೆ. ಪವರ್‌ಲೂಮ್ ಬಿಟ್ಟು ಈ ಕೆಲಸಕ್ಕೆ ಬಂದವರು. ನಾನು ಅವರನ್ನು ಕಾಕಾ ಎನ್ನುತ್ತೇನೆ. ಯಂತ್ರವನ್ನು ಟ್ರ್ಯಾಕ್ಟರಿನಿಂದ ತೆಗ್ಗಿಗೆ ಇಳಿಸಿ, ನೆಲಕ್ಕೆ ಸ್ಕ್ರೂ ಹಾಕಿ ಬಿಗಿದು, ಎರಡು ದಿನದಲ್ಲಿ ಐದು ಕಡೆ ಕೋನು ಇಳಿಸಿದೆವು. ತಳ ಒಣಗಿ ಬಿರಿದಿತ್ತು. ಅದರ ಮೇಲಿನಿಂದಲೇ ನೇರವಾಗಿ ಒತ್ತಿದೆವು. ಒಂದೊಂದು ಕಡೆಯೂ ಲ್ಯಾಪ್‌ಟಾಪಿನಲ್ಲಿ ಗೆರೆ ನಿಧಾನವಾಗಿ ಏರಿತು, ಸ್ವಲ್ಪ ಹೊತ್ತು ತಲೆ ಎತ್ತಿಕೊಂಡೇ ನಿಂತಿತು, ಆಮೇಲೆ ಅದಕ್ಕಿಂತ ನಿಧಾನವಾಗಿ ಇಳಿಯಿತು. ಅರ್ಧ ಇಳಿಯಲು ಒಂದು ಗಂಟೆಯ ಮೇಲೆ ಹಿಡಿಯಿತು. ಗಟ್ಟಿ ಜೇಡಿಯಲ್ಲಿ ನಿಲ್ಲಿಸಿದ ಮೇಲೂ ಒತ್ತಡ ತುಸು ಏರಿ ಆಮೇಲೆ ಇಳಿಯುವುದುಂಟು. ಅದನ್ನು ಓದಿಕೊಂಡಿದ್ದೆ, ಆದ್ದರಿಂದ ಅನುಮಾನ ಪಡಲಿಲ್ಲ. ನಿಜ ಹೇಳಬೇಕೆಂದರೆ ಅನುಮಾನ ಪಡಲು ಮನಸ್ಸಿರಲಿಲ್ಲ. ಗೆರೆಗಳು ನನಗೆ ಬೇಕಾದದ್ದನ್ನೇ ಹೇಳುತ್ತಿದ್ದವು.

ಎರಡನೆಯ ದಿನ ಸಂಜೆ ಅಧ್ಯಕ್ಷೆ ನಾಲ್ಕಾರು ಹೆಂಗಸರನ್ನು ಕರೆದುಕೊಂಡು ಬಂದರು. ಎಲ್ಲರೂ ಲ್ಯಾಪ್‌ಟಾಪಿನ ಸುತ್ತ ಬಗ್ಗಿದರು.

“ಏನಂತೈತ್ರಿ ನಿಮ್ಮ ಗೆರಿ?” ಎಂದು ಅಧ್ಯಕ್ಷೆ ಕೇಳಿದರು.

ಲೆಕ್ಕ ಇನ್ನೂ ಮಾಡಿರಲಿಲ್ಲ. ವರದಿ ಬರೆದಿರಲಿಲ್ಲ. ಆದರೂ ಹೇಳಿಬಿಟ್ಟೆ, “ನಿಲ್ಲತೈತ್ರಿ ಅಕ್ಕಾರ. ನೀರು ನಿಲ್ಲತೈತಿ.”

ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇನ್ನೊಬ್ಬಾಕೆ ಮನೆಗೆ ಓಡಿ ಒಂದು ತಂಬಿಗೆ ಮಜ್ಜಿಗೆ ತಂದು ನಮ್ಮಿಬ್ಬರಿಗೂ ಕುಡಿಸಿದಳು. ಆ ಮಜ್ಜಿಗೆಯ ರುಚಿ ಬೆಳಗಾವಿ ಮುಟ್ಟುವವರೆಗೂ ನನ್ನ ಬಾಯಲ್ಲಿತ್ತು. ಅಷ್ಟು ಖುಷಿಯಾಗಿದ್ದೆ.

ಮೂರನೆಯ ದಿನ ಕಚೇರಿಯಲ್ಲಿ ನಾನು ಲೆಕ್ಕಕ್ಕೆ ಕೂತಿದ್ದೆ. ಕಾಕಾ ಕೋನು ಬಿಚ್ಚಿ ತೊಳೆಯುತ್ತಿದ್ದರು. ತೊಳೆಯುತ್ತ, ನನ್ನ ಮುಖ ನೋಡದೆ, ಒಂದು ಮಾತು ಹೇಳಿದರು.

“ಮೇಡಮ್ಮಾರ, ನಾ ಸಲಾಕಿ ಬಿಗಿ ಬಿಟ್ಟಾಗ ಗೆರ್ಯಾಗ ಜಿಗಿತ ಬರಬೇಕಲ್ರಿ? ಹೋದ ವರ್ಷ ಕಿತ್ತೂರ ಕಡೆ ಮಾಡಿದಾಗ ಬರತಿತ್ತು. ಈ ಸಲ ಒಂದ ಸಲನೂ ಬರಲಿಲ್ಲ.”

ನನಗೆ ಸಿಟ್ಟು ಬಂತು. “ಜೇಡಿ ಗಟ್ಟಿ ಐತಿ ಕಾಕಾ, ಎಲ್ಲಾ ಕಡೆ ಒಂದ ಥರಾ ಬರಂಗಿಲ್ಲ,” ಎಂದೆ. ದನಿ ಬಿರುಸಾಗಿಯೇ ಇತ್ತು.

ಅವರು ಕೋನು ಒರೆಸುತ್ತಲೇ ಹೇಳಿದರು, “ಇರಬಹುದ್ರಿ. ಮಗ್ಗದಾಗ ಎಳಿ ಹರದ್ರೂ ಒಂದ ನಾಕ ಬೆರಳ ಅರಿವಿ ಚಲೋನ ಕಾಣತೈತ್ರಿ. ಅದಕ್ಕ ಕೇಳಿದೆ.”

ನನಗೆ ಲೆಕ್ಕದಲ್ಲಿ ಮನಸ್ಸು ನಿಲ್ಲಲಿಲ್ಲ. ಪ್ರತಿ ಮೀಟರಿಗೊಮ್ಮೆ ಹೊಸ ಸಲಾಕೆ ಜೋಡಿಸಲು ಒತ್ತುವುದನ್ನು ನಿಲ್ಲಿಸಿ ಬಿಗಿ ಸಡಿಲಿಸುತ್ತೇವೆ. ಆ ಕ್ಷಣ ತುದಿಯ ಮೇಲಿನ ಭಾರ ಕಡಿಮೆಯಾಗಿ ಒತ್ತಡದ ಗೆರೆ ಥಟ್ಟನೆ ಕುಸಿಯಬೇಕು, ಮತ್ತೆ ಒತ್ತಿದಾಗ ಥಟ್ಟನೆ ಏರಬೇಕು. ಕಚ್ಚಾ ದಾಖಲೆ ತೆರೆದು ನೋಡಿದೆ. ಐದು ಜಾಗಗಳಲ್ಲಿ ಒಂದರಲ್ಲೂ ಆ ಮೆಟ್ಟಿಲು ಇರಲಿಲ್ಲ. ಎಲ್ಲ ಕಡೆ ನುಣ್ಣಗೆ, ಸೋಮಾರಿಯಾಗಿ ಏರುವ ಒಂದೇ ಗೆರೆ.

ಎದ್ದು ಹೋಗಿ ತೆಗೆದಿಟ್ಟಿದ್ದ ಉಂಗುರವನ್ನು ಮತ್ತೆ ಕೋನಿಗೆ ಹಾಕಿಸಿ, ತುದಿಯನ್ನು ಒಂದು ಆಳದ ಬ್ಯಾರೆಲ್ ನೀರಿನಲ್ಲಿ ಅದ್ದಿದೆ. ಒತ್ತಡ ಕೂಡಲೇ ಏರಬೇಕಿತ್ತು. ಅದು ಎದ್ದು ಮೈಮುರಿದು ಏರಲು ಅರ್ಧ ನಿಮಿಷ ತೆಗೆದುಕೊಂಡಿತು. ಎಲ್ಲ ಅರ್ಥವಾಯಿತು. ಉಂಗುರದ ರಂಧ್ರಗಳಲ್ಲಿ ಗ್ಲಿಸರಿನ್ ತುಂಬಿರಬೇಕು, ಒಂದು ಗುಳ್ಳೆ ಗಾಳಿಯೂ ಇರಬಾರದು. ನೀರಿನ ಒತ್ತಡ ಬಂದರೆ ಗಾಳಿ ಕುಗ್ಗಿ ಅದನ್ನು ತಾನೇ ನುಂಗಿಕೊಳ್ಳುತ್ತದೆ, ಆಮೇಲೆ ನಿಧಾನವಾಗಿ ಬಿಡುತ್ತದೆ. ಬಿಸಿಲಿಗೆ ಒಣಗಿ ಬಿರಿದ ಮೇಲ್ಪದರದ ಮೂಲಕ ನಾನು ಕೋನನ್ನು ನೇರವಾಗಿ ಒತ್ತಿಸಿದ್ದೆ. ಆ ಒಣ ಮಣ್ಣು ಗ್ಲಿಸರಿನ್ ಹೀರಿ ಅದರ ಜಾಗಕ್ಕೆ ಗಾಳಿ ಕೊಟ್ಟಿತ್ತು. ನಾನು ಎರಡು ದಿನ ಕೂತು ಅಳೆದದ್ದು ಜೇಡಿಯ ನಿಧಾನವನ್ನಲ್ಲ, ನನ್ನ ಉಂಗುರದೊಳಗಿನ ಗಾಳಿಯ ನಿಧಾನವನ್ನು. ಮೇಲ್ಪದರವನ್ನು ಮೊದಲೇ ಕೊರೆದು, ನೀರು ತುಂಬಿ, ಆ ನೀರಿನೊಳಗಿಂದ ಕೋನು ಇಳಿಸಬೇಕು ಎಂದು ನನಗೆ ಗೊತ್ತಿತ್ತು. ಅದಕ್ಕೆ ಇನ್ನೊಂದು ದಿನ ಬೇಕಾಗುತ್ತಿತ್ತು, ಆದ್ದರಿಂದ ಬಿಟ್ಟಿದ್ದೆ.

ಅಲ್ಲಿಯೇ ಕುರ್ಚಿ ಎಳೆದುಕೊಂಡು ಕೂತೆ. ನಾಚಿಕೆಯಾಯಿತು. ಆ ವರದಿ ಹಾಗೆಯೇ ಕಳಿಸಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ, ಏಕೆಂದರೆ ಎಲ್ಲರಿಗೂ ಬೇಕಾಗಿದ್ದ ಉತ್ತರವೇ ಅದರಲ್ಲಿತ್ತು. ಜೇಡಿ ನಿಜವಾಗಿಯೂ ನೀರು ಹಿಡಿಯುವಂಥದ್ದೇ ಇರಬಹುದು ಎಂಬ ಆಸೆಯೂ ಇತ್ತು. ಆದರೆ ಗೊತ್ತಿಲ್ಲ ಎಂಬುದೇ ಸತ್ಯ. ಕಾಲುವೆ ಮುಚ್ಚಿ, ಪೈಪು ಹಾಕಿ, ನಲ್ಲಿ ಕೂರಿಸಿ, ಮುಂದಿನ ಸಂಕ್ರಾಂತಿಗೆ ತೆಗ್ಗು ಮತ್ತೆ ಖಾಲಿಯಾದರೆ? ಆ ಊರಿಗೆ ಎರಡನೆಯ ಯೋಜನೆ ಯಾರೂ ಕೊಡುವುದಿಲ್ಲ.

“ಕಾಕಾ, ನಾನ ತಪ್ಪ ಮಾಡೀನಿ. ಐದೂ ರದ್ದು ಮಾಡೂಣು,” ಎಂದೆ.

“ಆತ್ರಿ. ಪಂಪ್ ಹಚ್ಚಲೇನ್ರಿ?” ಎಂದರು ಕಾಕಾ, ಚಹಾ ತರಲೇ ಎಂದು ಕೇಳಿದಷ್ಟು ಸಲೀಸಾಗಿ.

ಆಮೇಲೆ ಅಧ್ಯಕ್ಷೆಗೆ ಫೋನ್ ಮಾಡಿದೆ. ಮೂರು ಸಲ ನಂಬರು ಒತ್ತಿ ಮೂರು ಸಲ ಕೆಳಗಿಟ್ಟು, ನಾಲ್ಕನೆಯ ಸಲಕ್ಕೆ ಮಾಡಿದೆ. ಪರೀಕ್ಷೆ ಕೆಟ್ಟಿದೆ, ನಾನು ಹೇಳಿದ ಮಾತು ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ ಮಾಡಬೇಕು ಎಂದೆ.

“ನಾ ಊರ ತುಂಬ ಹೇಳೀನಲ್ರೀ!” ಎಂದರು ಅವರು. “ಈಗ ನಿಲ್ಲಂಗಿಲ್ಲ ಅಂತೀರೇನು?”

“ನಿಲ್ಲಂಗಿಲ್ಲ ಅಂತಾನೂ ಅನ್ನಾಂಗಿಲ್ರಿ ಅಕ್ಕಾರ. ಗೊತ್ತಿಲ್ಲ ಅಂತೀನಿ.”

ಬೈಯುತ್ತಾರೆ ಎಂದುಕೊಂಡೆ. ಬೈದರೂ ಸರಿಯೇ.

“ನೀವ ಹೇಳಿದ್ರಲ್ಲಾ, ಪುಣ್ಯಾ ಬರಲಿ. ಹೇಳದ ಕುಂತಿದ್ರ ಏನಾಗತಿತ್ತು?” ಎಂದರು. “ಆದ್ರ ಲಗೂ ಮಾಡ್ರಿ. ಅಡ್ಡಮಳಿ ಎರಡ ಜೋರ ಆತಂದ್ರ ತೆಗ್ಗಿನಾಗ ನಿಮ್ಮ ಯಂತ್ರ ಇಳಿಯಂಗಿಲ್ಲ.”

ಉಂಗುರಗಳನ್ನು ಗ್ಲಿಸರಿನ್ನಿನಲ್ಲಿ ಮುಳುಗಿಸಿ, ಮುಚ್ಚಿದ ಪಾತ್ರೆಯಿಂದ ಪಂಪಿನಲ್ಲಿ ಗಾಳಿ ಎಳೆದೆವು. ಗುಳ್ಳೆ ಏಳುವುದು ನಿಲ್ಲಲು ಒಂದು ದಿನ ಒಂದು ರಾತ್ರಿ ಬೇಕಾಯಿತು. ಪಾತ್ರೆಯೊಳಗೆ ಕೈ ಮುಳುಗಿಸಿಕೊಂಡೇ ಕೋನು ಜೋಡಿಸಿ, ರಬ್ಬರಿನ ಕೈಗವಸಿನ ಒಂದು ಬೆರಳು ಕತ್ತರಿಸಿ ತುದಿಗೆ ಟೊಪ್ಪಿಗೆ ಹಾಕಿ ಕಟ್ಟಿದೆವು. ನೆಲದೊಳಗೆ ಇಳಿಯುವಾಗ ಅದು ತಾನಾಗಿ ಹರಿದುಹೋಗುತ್ತದೆ. ಖಾನಾಪುರ ದಾಟಿದ ಮೇಲಿನ ರಸ್ತೆಯ ಗುಂಡಿಗಳಿಗೆ ಹೆದರಿ, ಕೋನು ನಿಲ್ಲಿಸಿದ ಬಕೆಟ್ಟನ್ನು ನಾನೇ ಜೀಪಿನಲ್ಲಿ ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದುಕೊಂಡು ಹೋದೆ. ಹಬ್ಬಕ್ಕೆ ತವರಿಗೆ ತುಪ್ಪ ಒಯ್ದಂಗ ಒಯ್ಯಾಕತ್ತೀರಿ ಎಂದು ಕಾಕಾ ನಕ್ಕರು.

ಈ ಸಲ ತೆಗ್ಗಿನಲ್ಲಿ ಒಬ್ಬ ಅಜ್ಜ ನಮಗಾಗಿ ಕಾದಿದ್ದರು. ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಇಲ್ಲಿ ಮಣ್ಣು ಅಗೆಯುವವರ ಮೇಸ್ತ್ರಿಯಾಗಿದ್ದವರು. ನೀರು ಹೊರಲು ಆಳು ಬೇಕೆಂದು ನಾನು ಕೇಳಿದ್ದಕ್ಕೆ ಅಧ್ಯಕ್ಷೆ ಇವರನ್ನೂ ಇವರ ಜೊತೆ ಇಬ್ಬರನ್ನೂ ಕಳಿಸಿದ್ದರು. ಅಜ್ಜನದು ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ನಾವು ಕೈಯಿಂದ ತಿರುಗಿಸುವ ಬೈರಿಗೆಯಲ್ಲಿ ಒಣ ಪದರ ಕೊರೆದು, ಕೊರೆದ ತೂತಿಗೆ ನೀರು ತುಂಬಿ, ಅದು ಇಂಗಿದಂತೆ ಮತ್ತೆ ತುಂಬುತ್ತಿದ್ದರೆ ಅಜ್ಜ ತಲೆಯಾಡಿಸಿದರು.

“ಇದೇನು, ನೆಲಕ್ಕ ಔಷಧಾ ಕುಡಸಾಕತ್ತೀರಿ?”

“ಹೌದ್ರಿ ಅಜ್ಜಾರ. ಮೊದಲನೇ ಸಲ ಕುಡಸಲಿಲ್ಲ, ಅದಕ್ಕ ಸುಳ್ಳ ಹೇಳ್ತು,” ಎಂದೆ.

“ನೆಲಾ ಸುಳ್ಳ ಹೇಳೂದಿಲ್ಲವಾ,” ಎಂದರು ಅಜ್ಜ, ಸ್ವಲ್ಪ ನೊಂದುಕೊಂಡು. ಸುಳ್ಳು ಹೇಳಿದ್ದು ನನ್ನ ಉಂಗುರ ಎಂದು ನಾನು ತಿದ್ದಿಕೊಂಡೆ.

ಮೊದಲ ಜಾಗ. ಕೋನು ನೀರಿನೊಳಗಿಂದ ಇಳಿಯಿತು, ಗೆರೆ ಥಟ್ಟನೆ ಎದ್ದಿತು. ಕಾಕಾ ಬಿಗಿ ಸಡಿಲಿಸಿದರು, ಥಟ್ಟನೆ ಕುಸಿಯಿತು. ಅವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಎರಡು ಮೀಟರ್ ಆಳದಲ್ಲಿ ನಿಲ್ಲಿಸಿ ಕಾಯತೊಡಗಿದೆವು. ಅರ್ಧ ಇಳಿಯಲು ಇಪ್ಪತ್ತೆರಡು ನಿಮಿಷ. ಎರಡನೆಯ ಜಾಗದಲ್ಲಿ ಮೂವತ್ತರ ಮೇಲೆ. ಮುಂದಿನ ಮೂರೂ ಹೆಚ್ಚುಕಡಿಮೆ ಹೀಗೆಯೇ. ಇದು ಮೊದಲಿನಷ್ಟು ಬೆಡಗಿನ ಸಂಖ್ಯೆಯಲ್ಲ, ಆದರೆ ಸಾಕು. ಇಂಥ ಜೇಡಿಯಲ್ಲಿ ನಾಲ್ಕು ತಿಂಗಳಲ್ಲಿ ತಳದಿಂದ ಇಂಗುವ ನೀರು ಒಂದೆರಡು ಬೆರಳಿನಷ್ಟೇ. ಖುಷಿಯಾಯಿತು, ಆದರೆ ಈ ಸಲ ಬಾಯಿ ಬಿಗಿಹಿಡಿದೆ. ಅಧ್ಯಕ್ಷೆಗೆ “ನಡದೈತ್ರಿ” ಎಂದಷ್ಟೇ ಸಂದೇಶ ಕಳಿಸಿದೆ.

ಕಾಯುವಾಗ ಯಾರೂ ಸಲಾಕೆಯ ಹತ್ತಿರ ಸುಳಿಯುವಂತಿಲ್ಲ. ಕೊಡೆಯ ನೆರಳಿನಲ್ಲಿ ಕೂತು ಅಜ್ಜನ ಮಾತು ಕೇಳುವುದೇ ಕೆಲಸ. ಅವರು ಜೇಡಿಯ ಉಂಡೆ ಕೈಯಲ್ಲಿ ಹಿಡಿದು ತಿಕ್ಕಿ, ಮೂಸಿ, ಇದು ಹಂಚಿಗೆ, ಇದು ಇಟ್ಟಂಗಿಗೆ, ಇದು ಕೊಡಕ್ಕೆ ಎಂದು ವಿಂಗಡಿಸಿ ತೋರಿಸುತ್ತಿದ್ದರು. ಹಂಚಿನ ಜೇಡಿ ಒಂದು ಬುಟ್ಟಿ ಚೆಲ್ಲಿದರೂ ಮೇಸ್ತ್ರಿಯಾದ ತಾವು ಯಾರನ್ನೂ ಬಿಡುತ್ತಿರಲಿಲ್ಲ ಎಂದು ಹೆಮ್ಮೆಯಿಂದ ಹೇಳಿದರು.

ಮರುದಿನ ಆರನೆಯ ಜಾಗದಲ್ಲಿ ಎಲ್ಲ ತಲೆಕೆಳಗಾಯಿತು. ಕೋನು ಒಂದು ಮೀಟರಿನಾಚೆ ಹೋದದ್ದೇ ತಡ ಸಲಾಕೆ ಕರಕರ ಎನ್ನತೊಡಗಿತು. ನಿಲ್ಲಿಸಿದ ಕೂಡಲೇ ಒತ್ತಡ ಬಿದ್ದುಹೋಯಿತು. ಅರ್ಧ ಇಳಿಯಲು ಐದು ಸೆಕೆಂಡು. ಇಪ್ಪತ್ತು ನಿಮಿಷ ಎಲ್ಲಿ, ಐದು ಸೆಕೆಂಡು ಎಲ್ಲಿ? ಮತ್ತೆ ಉಂಗುರ ಕೆಟ್ಟಿತು ಎಂದುಕೊಂಡೆ. ಕಿತ್ತು ಬಕೆಟ್ಟಿನಲ್ಲಿ ಅದ್ದಿ ನೋಡಿದರೆ ಉಂಗುರ ಸರಿಯಾಗಿಯೇ ಇದೆ. ಎರಡು ಮೀಟರ್ ಆಚೆ ಹೋಗಿ ಇಳಿಸಿದೆವು, ಮತ್ತೆ ಇಪ್ಪತ್ತು ನಿಮಿಷದ ಒಳ್ಳೆಯ ಜೇಡಿ. ಹಳೆಯ ತೂತಿಗೆ ಒಂದಡಿ ಹತ್ತಿರ ಬಂದು ಇಳಿಸಿದೆವು, ಮತ್ತೆ ಕರಕರ, ಮತ್ತೆ ಐದು ಸೆಕೆಂಡು. ಅಷ್ಟು ಸಣ್ಣ ಜಾಗದಲ್ಲಿ ಮಣ್ಣು ಹೀಗೆ ಬದಲಾಗುವುದನ್ನು ನಾನು ಕಂಡಿರಲಿಲ್ಲ. ಒತ್ತಡ ಹೀಗೆ ಬಿದ್ದುಹೋಗುವುದೆಂದರೆ ನೀರಿಗೆ ಅಲ್ಲೊಂದು ತೆರೆದ ದಾರಿ ಇದೆ ಎಂದೇ ಅರ್ಥ. ಇಡೀ ತಳದಲ್ಲಿ ಇಂಥವು ಎಷ್ಟಿವೆಯೋ ಯಾರಿಗೆ ಗೊತ್ತು? ಊರಿನ ನೀರು ನನ್ನ ಕಣ್ಣೆದುರೇ ಇಂಗಿಹೋದಂತೆ ಅನಿಸಿತು.

ಸಲಾಕೆಯ ಸದ್ದು ಕೇಳಿ ಅಜ್ಜ ಎದ್ದು ಬಂದಿದ್ದರು. ಒಮ್ಮೆ ಚಿಮಣಿಯ ಕಡೆ ನೋಡಿದರು, ಒಮ್ಮೆ ದಂಡೆಯ ಕಡೆ ನೋಡಿದರು.

“ಬಾಯಾರ, ಅದರಾಗ ಹಂಚಿನ ಚೂರ ಬರತಾವೇನ ನೋಡ್ರಿ,” ಎಂದರು ಮೆಲ್ಲಗೆ.

ಬೈರಿಗೆ ಹಾಕಿ ಕೊರೆದೆವು. ಒಂದು ಮೀಟರಿನ ಕೆಳಗೆ ಕೆಂಪು ಹಂಚಿನ ಚೂರುಗಳು, ಭಟ್ಟಿಯ ಬೂದಿ.

ಅಜ್ಜ ಅಲ್ಲಿಯೇ ಕುಕ್ಕರಗಾಲಲ್ಲಿ ಕೂತರು. “ನಾನ ತುಂಬಿಸಿದ್ದವಾ ಇದು.”

ಜೇಡಿ ಎಷ್ಟು ಆಳದವರೆಗೆ ಇದೆ ಎಂದು ತಿಳಿಯಲು ಕಾರ್ಖಾನೆಯವರು ಅಲ್ಲಲ್ಲಿ ಒಬ್ಬ ಆಳು ಇಳಿಯುವಷ್ಟು ಅಗಲದ ಕುಣಿ ತೋಡಿಸುತ್ತಿದ್ದರಂತೆ, ಕೆಳಗಿನ ಗರಸು, ಅಂದರೆ ಜಲ್ಲಿಮಣ್ಣು, ಸಿಗುವವರೆಗೆ. ನೋಡಿಯಾದ ಮೇಲೆ ದನ ಬೀಳದಂತೆ ಮುಚ್ಚಬೇಕು. ಅಗೆದು ತೆಗೆದ ಜೇಡಿ ಹಂಚಿಗೆ ಹೋಗುತ್ತಿತ್ತು. ಕುಣಿಗೆ ಒಡೆದ ಹಂಚು, ಬೂದಿ, ಮೇಲೊಂದಿಷ್ಟು ಮಣ್ಣು.

“ಚಲೋ ಮಣ್ಣ ತೆಗ್ಗಿಗೆ ಹಾಕೂದಂದ್ರ ನಮ್ಮಾಗ ಅನ್ನಾ ಚೆಲ್ಲಿದಂಗ್ರಿ,” ಎಂದರು. “ಯಾರರೆ ಜೇಡಿ ಹಾಕಿ ಮುಚ್ಚಿದ್ರ ನಾನ ತೆಗಿಸಿ ಹಂಚ ಹಾಕಸತಿದ್ದೆ. ನೀರ ಹೋಗೂದು ಕಾಲವಿಯಿಂದ ಅಂತ ಇಷ್ಟ ವರ್ಷ ಎಲ್ಲಾರಿಗೂ ಹೇಳಕೋತ ಬಂದೀನಿ.”

ಹಂಚಿನ ಚೂರು ತುಂಬಿದ ಕುಣಿ, ಕೆಳಗೆ ನೀರು ಕುಡಿಯುವ ಗರಸು. ಸ್ನಾನದ ಮನೆಯ ಮೋರಿ ಕೂಡ ಅಷ್ಟು ಚೆನ್ನಾಗಿ ನೀರು ಬಿಡಲಾರದು. ಆದರೆ ನನಗೆ ಅಲ್ಲಿಯೇ ಒಂದು ಧೈರ್ಯ ಬಂತು. ಜೇಡಿಯೇ ಸೋರುತ್ತಿದ್ದರೆ ನಾವು ಮಾಡುವಂಥದ್ದೇನೂ ಇರುತ್ತಿರಲಿಲ್ಲ. ಕುಣಿಯನ್ನಾದರೆ ಮುಚ್ಚಬಹುದು.

“ಅಜ್ಜಾರ, ಇಂಥಾವು ಎಷ್ಟ ಅದಾವ್ರಿ?”

“ಏಳು. ಏಳೂ ನನ್ನ ಕೈಯಾಗಿನ್ವು.”

ಅವರು ಚಿಮಣಿಯನ್ನು ಗುರುತಿಟ್ಟು ಹೆಜ್ಜೆ ಎಣಿಸುತ್ತ ನಡೆದರು. ಅವರು ನಿಂತಲ್ಲಿ ನಾವು ಮೊದಲು ಕಬ್ಬಿಣದ ಹಾರೆ ಬಡಿದು ನೋಡಿ, ಆಮೇಲೆ ಕೋನು ಇಳಿಸಿದೆವು. ಸಂಜೆಗೆ ಆರು ಸಿಕ್ಕವು. ಏಳನೆಯದು ಸಿಗಲಿಲ್ಲ. ಅಜ್ಜ ತೋರಿಸಿದ ಮೂರು ಜಾಗದಲ್ಲೂ ಬರೀ ಜೇಡಿ. ಪಶ್ಚಿಮಕ್ಕೆ ಮೋಡ ಕಪ್ಪಾಗಿತ್ತು, ದೂರದಲ್ಲಿ ಗುಡುಗುತ್ತಿತ್ತು. ಆರು ಮುಚ್ಚಿ ಒಂದು ಬಿಟ್ಟರೆ ಬಕೆಟ್ಟಿನ ಆರು ತೂತು ಮುಚ್ಚಿ ಒಂದು ಬಿಟ್ಟ ಹಾಗೆಯೇ. ಅಜ್ಜ ಹಣೆ ಹಣೆ ಬಡಿದುಕೊಳ್ಳುತ್ತಿದ್ದರು.

ಮರುದಿನ ಬೆಳಿಗ್ಗೆ ಅವರು ಒಬ್ಬರೇ ಬರಲಿಲ್ಲ. ಹಿಂದೆ ಅವರ ಮನೆಯಾಕೆ, ಅಜ್ಜಿ, ಕೋಲೂರಿಕೊಂಡು ಬರುತ್ತಿದ್ದರು. ಆಗಿನ ಕಾಲಕ್ಕೆ ಅವರು ಇಲ್ಲಿ ಬುಟ್ಟಿ ಹೊತ್ತವರು.

“ಇವರಿಗೇನ ಗೊತ್ತೈತ್ರಿ? ಮೇಸ್ತ್ರಿ ದಂಡೀ ಮ್ಯಾಲ ನಿಂತಿರತಿದ್ದಾ. ಹೊತ್ತಾವರ ನಾವು,” ಎಂದು ಅಜ್ಜಿ ಬಂದವರೇ ಹೇಳಿದರು. “ಹಲಗಿ ಹಾಕಿದ್ರಲ್ಲ ಮ್ಯಾಲ ಹತ್ತಾಕ, ಅದರ ಬುಡಕ್ಕ ಇತ್ತು ಏಳನೇದು. ಹಂಚಿನ ಬುಟ್ಟಿ ಹೊತ್ತಕೊಂಡ ಇಳದ್ರ ಮೊದಲನೇ ಹೆಜ್ಜಿ ಅಲ್ಲೇ. ಅಲ್ಲೇ ಸುರವತಿದ್ವಿ, ನಡಿಯೂದು ತಪ್ಪತಿತ್ತು ಅಂತ ನೆಪ್ಪೈತಿ ನನಗ.”

ಅಜ್ಜಿ ದಂಡೆಯ ಓರೆಯಲ್ಲಿ ಹಲಗೆಯಿದ್ದ ಜಾಗ ನೋಡಿಕೊಂಡು, ಕೆಳಗೆ ಕೋಲು ಊರಿದರು. ಹಾರೆ ಬಡಿದರೆ ಕಟಕ್ ಎಂದಿತು. ಕೋನು ಇಳಿಸಿದರೆ ನಾಲ್ಕು ಸೆಕೆಂಡು. ಕಾಕಾ ಕೈ ಮುಗಿದರು, ಯಂತ್ರಕ್ಕೋ ಅಜ್ಜಿಗೋ ತಿಳಿಯಲಿಲ್ಲ. ಇನ್ನೂ ಯಾವುದಾದರೂ ಉಳಿದಿದ್ದರೆ ಎಂದು ಆ ದಿನವೆಲ್ಲ ತಳದ ಉದ್ದಗಲಕ್ಕೆ ಸಾಲು ಹಿಡಿದು ಹಾರೆ ಬಡಿಸಿದೆವು, ಅನುಮಾನ ಬಂದಲ್ಲಿ ಕೋನು ಇಳಿಸಿದೆವು. ಇರಲಿಲ್ಲ. ಯಂತ್ರವನ್ನು ದಂಡೆಗೆ ಎಳೆಸಿದ ಮರುದಿನವೇ ಮಳೆ ಬಂತು.

ವರದಿಯಲ್ಲಿ ಎಲ್ಲವನ್ನೂ ಬರೆದೆ. ಜೇಡಿ ನೀರು ಹಿಡಿಯುತ್ತದೆ. ಏಳು ಕುಣಿಗಳು ಹಿಡಿಯುವುದಿಲ್ಲ. ಚೂರು ತೆಗೆದು, ಗರಸಿನ ಮೇಲಿನಿಂದ ಇದೇ ತೆಗ್ಗಿನ ಜೇಡಿಯನ್ನು ತುಳಿದು ಪದರ ಪದರವಾಗಿ ತುಂಬಿದರೆ ಪ್ಲಾಸ್ಟಿಕ್ ಹಾಳೆ ಬೇಕಿಲ್ಲ. ಮೊದಲ ಐದು ಪರೀಕ್ಷೆಗಳನ್ನೂ, ಅವು ಏಕೆ ರದ್ದು ಎಂಬುದನ್ನೂ ಒಂದು ಪುಟದಲ್ಲಿ ಸೇರಿಸಿದೆ. ಇಲಾಖೆಯ ಎಂಜಿನಿಯರು ಆ ಪುಟವನ್ನು ಎರಡು ಸಲ ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಇದನ್ನ ಬರೀದಿದ್ರೂ ನಡೀತಿತ್ತಲ್ರಿ?”

“ನಡೀತಿತ್ರಿ ಸರ್. ಆದ್ರ ಮುಂದ ಯಾರರೆ ಒಣಾ ನೆಲದಾಗ ಹಿಂಗ ಮಾಡೂ ಮುಂದ ಓದಲಿ ಅಂತ.”

ಅವರು ಸಹಿ ಮಾಡಿದರು. ಮಳೆಯ ಬಿಡುವಿನಲ್ಲಿ ಒಂದು ವಾರ ಕೆಲಸ ನಡೆಯಿತು, ಕಾಲುವೆಯನ್ನೂ ಮುಚ್ಚಿದರು. ನಾನು ಕೊನೆಯ ಕುಣಿಯ ದಿನ ಹೋಗಿದ್ದೆ. ಚೂರು, ಬೂದಿ ಎಲ್ಲ ತೆಗೆದು ದಂಡೆಗೆ ಹಾಕಿದ್ದರು. ಹದವಾಗಿ ನೀರು ಬೆರೆಸಿದ ಜೇಡಿ ರಾಶಿಯಾಗಿತ್ತು. ಅಜ್ಜ ಧೋತರ ಎತ್ತಿ ಕಟ್ಟಿಕೊಂಡು ಕುಣಿಯೊಳಗೆ ಇಳಿದು ಪದರ ತುಳಿಯುತ್ತಿದ್ದರು. ಬೇರೆಯವರು ತುಳಿಯಲಿ ಬಿಡಿ ಎಂದರೆ ಕೇಳಲಿಲ್ಲ. ಒಂದು ಉಂಡೆ ಕೈಗೆತ್ತಿಕೊಂಡು, ಅಭ್ಯಾಸದಂತೆ ತಿಕ್ಕಿ, ಮೂಸಿ, ನನಗೆ ತೋರಿಸಿದರು.

“ಹಂಚಿಗೆ ಎಂಥಾ ಮಣ್ಣ ಗೊತ್ತೈತೇನ್ರಿ ಇದು!” ಎಂದು ಹೇಳಿ, ಅದನ್ನು ಕುಣಿಗೆ ಹಾಕಿ ತುಳಿದರು. ದಂಡೆಯ ಮೇಲೆ ಕೂತ ಅಜ್ಜಿ ಜೋರಾಗಿ ನಕ್ಕರು. ಅಜ್ಜನೂ ನಕ್ಕರು. ನನ್ನ ಕಣ್ಣು ತುಂಬಿತ್ತು, ನಾನು ಟೇಪು ಹಿಡಿದು ಪದರದ ದಪ್ಪ ಅಳೆಯುವವಳಂತೆ ಬಗ್ಗಿದೆ.

ಮಳೆಗಾಲ ಮುಗಿದಾಗ ತೆಗ್ಗು ಅಂಚಿನವರೆಗೆ ತುಂಬಿತ್ತು. ನೀರಿನಲ್ಲಿ ಒಂದು ಅಳತೆಯ ಕಂಬ ನೆಡಿಸಿದೆ. ದಂಡೆಯ ಮೇಲೆ ಒಂದು ಅಗಲವಾದ ತೊಟ್ಟಿಯಲ್ಲಿ ನೀರು ತುಂಬಿಸಿ, ದನ ಕುಡಿಯದಂತೆ ಬೇಲಿ ಹಾಕಿಸಿದೆ. ತೊಟ್ಟಿಯ ನೀರು ಬಿಸಿಲಿಗೆ ಮಾತ್ರ ಇಳಿಯುತ್ತದೆ. ತೆಗ್ಗಿನ ನೀರೂ ಹೆಚ್ಚುಕಡಿಮೆ ಅಷ್ಟೇ ಇಳಿದರೆ ತಳ ಗಟ್ಟಿ ಎಂದರ್ಥ. ಪ್ರತಿ ಸೋಮವಾರ ಅಧ್ಯಕ್ಷೆ ಎರಡು ಅಂಕಿ ಫೋನಿನಲ್ಲಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ದೀಪಾವಳಿ ಹೋಯಿತು, ಸಂಕ್ರಾಂತಿ ಬಂತು. ಎರಡೂ ಅಂಕಿಗಳು ಅಕ್ಕತಂಗಿಯರಂತೆ ಜೊತೆಗೇ ಇಳಿಯುತ್ತಿದ್ದವು. ಯಾವ ಸೋಮವಾರವೂ ನಾನು “ನಿಲ್ಲತೈತಿ” ಎನ್ನಲಿಲ್ಲ. ಅವರೂ ಕೇಳಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಊರಿನ ನಲ್ಲಿಗಳಿಗೆ ನೀರು ಬಿಟ್ಟರು.

ಏಪ್ರಿಲ್ಲಿನ ಒಂದು ಮಧ್ಯಾಹ್ನ ಫೋನು ಬಂತು. ಸೋಮವಾರ ಆಗಿರಲಿಲ್ಲ. ಏನೋ ಕೆಟ್ಟಿದೆ ಎಂದು ಗಾಬರಿಯಿಂದ ಎತ್ತಿದೆ.

“ಏನಿಲ್ರಿ ಮೇಡಮ್ಮಾರ, ಸುಮ್ನ ಮಾಡೀನಿ,” ಎಂದರು ಅಧ್ಯಕ್ಷೆ. “ಇವತ್ತ ಟ್ಯಾಂಕರಿನ ಡ್ರೈವರ್ ಬಂದಿದ್ದಾ. ಈ ವರ್ಷ ಯಾವತ್ತಿನಿಂದ ಬರಲಿ ಅಂತ ಕೇಳಾಕ.”

“ಏನಂದ್ರಿ?”

“ಕುಂದರಿಸಿ ಚಾ ಕುಡಿಸಿದ್ವಿ. ನಮ್ಮ ನೀರಿಂದ ಮಾಡಿದ ಚಾ. ಕುಡದು ಹೋದಾ.”